ಪುರಸೈವಾಕ್ಕಂ ತಾರಸಿಯ ಎರಡು ಹುಳಿಸೊಪ್ಪು

ಪುರಸೈವಾಕ್ಕಂ ಅಂದರೆ ಚೆನ್ನೈನವರಿಗೆ ಬಟ್ಟೆ ಅಂಗಡಿ, ಚಿನ್ನದ ಅಂಗಡಿ. ದೀಪಾವಳಿಗೆ ಮುಂಚಿನ ಎರಡು ವಾರ ಇಲ್ಲಿನ ಹೈರೋಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಈಗ ಮೆಟ್ರೋ ಕೆಲಸದ ತಗಡಿನ ಬೇಲಿ ಬೇರೆ. ಇಂಥ ಕಡೆ ಕೂತು ಸೊಪ್ಪಿನ ಬಗ್ಗೆ ಬರೆಯುತ್ತಿದ್ದೇನೆ ಅಂದರೆ ನಗಬೇಡಿ. ಈ ಊರಿನ ಹೆಸರೇ ಒಂದು ಗಿಡದಿಂದ ಬಂದದ್ದು. ತಮಿಳಿನಲ್ಲಿ ಪುರಸು ಎಂದರೆ ನಮ್ಮ ಮುತ್ತುಗ. ಒಂದು ಕಾಲಕ್ಕೆ ಇಲ್ಲಿ ಮುತ್ತುಗದ ಮರಗಳು ದಟ್ಟವಾಗಿದ್ದವು, ಅದಕ್ಕೇ ಪುರಸೈವಾಕ್ಕಂ ಎಂದು ಹಳಬರು ಹೇಳುತ್ತಾರೆ. ಇಲ್ಲಿನ ಗಂಗಾಧರೇಶ್ವರ ದೇವಸ್ಥಾನಕ್ಕೂ ಅದೇ ಸ್ಥಳವೃಕ್ಷ. ಇದನ್ನು ನಾನು ಹೇಳಿದಾಗ ಅಮ್ಮನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. "ಮುತ್ತುಗದ ಊರು ಅಂತ ಮೊದಲೇ ಹೇಳಿದ್ರೆ ಇನ್ನೂ ಬೇಗ ಬರ್ತಿದ್ದೆ" ಅಂದಳು.

ಅಮ್ಮ ಬಂದು ಮೂರು ವರ್ಷವಾಯಿತು. ಅಪ್ಪ ಹೋದ ಮೇಲೆ ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಲ್ಲಿ ಒಬ್ಬಳೇ ಒಂದು ಮಳೆಗಾಲ ಕಳೆದಳು. ಎರಡನೆಯ ಮಳೆಗಾಲಕ್ಕೆ ನಾವು ಬಿಡಲಿಲ್ಲ. ಬರುವಾಗ ಎರಡು ಚೀಲ ಬಟ್ಟೆ, ದೇವರ ಪೆಟ್ಟಿಗೆ, ಹಿತ್ತಾಳೆ ದೀಪದ ಕಂಬಗಳು, ಮತ್ತು ಹಳೆಯ ಬಕೆಟ್ಟಿನಲ್ಲಿ ಮಣ್ಣಿನ ಸಮೇತ ಒಂದು ಕರಿಬೇವಿನ ಸಸಿ. "ಅಲ್ಲಿ ಕರಿಬೇವು ಸಿಗಲ್ವಾ ಅಮ್ಮಾ, ಹತ್ತು ರೂಪಾಯಿಗೆ ಒಂದು ಕಂತೆ ಕೊಡ್ತಾರೆ" ಅಂದರೆ ಕೇಳುವವಳಲ್ಲ. ಆ ಬಕೆಟ್ಟು ಬೆಂಗಳೂರಿನಲ್ಲಿ ರೈಲು ಬದಲಿಸಿ, ಸೆಂಟ್ರಲ್‌ನಲ್ಲಿ ಇಳಿದು, ಆಟೋದಲ್ಲಿ ನನ್ನ ತೊಡೆಯ ಮೇಲೆ ಕೂತು ವೆಳ್ಳಾಳ ಸ್ಟ್ರೀಟಿನ ಆಸುಪಾಸಿನ ನಮ್ಮ ಬಾಡಿಗೆ ಮನೆಯ ತಾರಸಿ ಸೇರಿತು.

ಕರಿಬೇವು ಆರು ತಿಂಗಳಲ್ಲಿ ಒಣಗಿತು. ಬದಲಿಗೆ ಆ ಮಣ್ಣಿನಿಂದ ಬೇರೆ ಏನೋ ಎದ್ದಿತು. ಮೂರು ಮೂರು ಎಲೆ, ಉದ್ದನೆಯ ತೊಟ್ಟು, ಸ್ವಲ್ಪ ದಿನಕ್ಕೆ ತಿಳಿ ಗುಲಾಬಿ ಹೂ. ನನಗಾದ ಖುಷಿ ಹೇಳತೀರದು. ಅದು ನನ್ನ ಪ್ರೈಮರಿ ಶಾಲೆಯ ಹಿತ್ತಲಿನ ಹುಳಿ ಎಲೆ! ಮಧ್ಯಾಹ್ನದ ಬಿಡುವಿನಲ್ಲಿ ತೊಟ್ಟು ಕಿತ್ತು ಅಗಿದು, ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡು ಚೀಪಿದವರಲ್ಲಿ ನೀವೂ ಇದ್ದೀರಿ ಅಂದುಕೊಂಡಿದ್ದೇನೆ. ಗಿಡವನ್ನು ಬುಡಸಮೇತ ಕಿತ್ತರೆ ಕೆಳಗೆ ಬಿಳೀ ಮೂಲಂಗಿಯಂಥ, ಗಾಜಿನ ಹಾಗೆ ಮಿನುಗುವ ಬೇರು ಸಿಗುತ್ತದೆ. ಅದನ್ನೂ ತಿನ್ನುತ್ತಿದ್ದೆವು.

ಅದೇ ಹೊತ್ತಿಗೆ ಅಮ್ಮನಿಗೆ ಹೊಟ್ಟೆ ಕೆಟ್ಟಿತು. ಚೆನ್ನೈನ ನೀರು, ಚೆನ್ನೈನ ಬಿಸಿಲು, ಹೊಸದಾಗಿ ಬಂದ ಎಲ್ಲರಿಗೂ ಆಗುವಂಥದ್ದು. "ಒಂದು ಹಿಡಿ ಪುಲ್ಲಂಪುರಚಿ ಸಿಕ್ಕಿದ್ರೆ ತಂಬುಳಿ ಮಾಡಬಹುದಿತ್ತು" ಎಂದು ಮಲಗಿದಲ್ಲಿಂದಲೇ ಅಂದಳು. ನಾನು ಮೊದಲು ಸೊಪ್ಪಿನವಳ ಹತ್ತಿರ ಕೇಳಿದೆ. ನನಗೆ ಬರುವ ತಮಿಳಿನಲ್ಲಿ 'ಪುಳಿ ಕೀರೈ' ಅಂದೆ. ಆಕೆ ಹುಳಿ ಅಂದರೆ ಪುಳಿಚ್ಚ ಕೀರೈ ಅಂತ ತಿಳಿದು ದೊಡ್ಡ ಕಂತೆ ಕೊಟ್ಟಳು. ಮನೆಗೆ ತಂದು ನೋಡಿದರೆ ಪುಂಡಿ ಸೊಪ್ಪು. ಧಾರವಾಡದ ಕಡೆಯ ನನ್ನ ಹೆಂಡತಿಗೆ ಅದು ಹಬ್ಬ. ಅಮ್ಮನಿಗೆ ಏನೂ ಅಲ್ಲ. ಆಗ ಬಕೆಟ್ಟಿನ ಗಿಡ ನೆನಪಾಯಿತು. ಒಂದು ಹಿಡಿ ಕಿತ್ತು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸೊಪ್ಪು ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆ ಬೆರೆಸಿ, ಲೋಟದಲ್ಲಿ ತಂದು ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು.

"ಇದಲ್ಲ ಮಾರಾಯ."

"ಅಮ್ಮಾ, ಇದು ನಮ್ಮ ಊರಿನ ಮಣ್ಣಲ್ಲೇ ಬಂದಿದ್ದು. ನಿನ್ನ ಬಕೆಟ್ಟಲ್ಲೇ."

"ಬಂದಿರಬಹುದು. ಇದು ಪುಲ್ಲಂಪುರಚಿ ಅಲ್ಲ."

ಮೂರು ದಿನದ ಮೇಲೆ, ಎದ್ದು ಓಡಾಡುವಂತಾದಾಗ, ಅವಳೇ ನನ್ನನ್ನು ಕೆಳಗೆ ಕರೆದುಕೊಂಡು ಹೋದಳು. ಮನೆಯ ಮಾಲೀಕರ ನೀರಿನ ಸಂಪಿನ ಪಕ್ಕ, ಸಿಮೆಂಟು ಬಿರಿದ ಸಂದಿಯಲ್ಲಿ, ನಾನು ದಿನಾ ಬೈಕು ನಿಲ್ಲಿಸುವ ಜಾಗದಲ್ಲಿ, ನೆಲಕ್ಕೆ ಅಂಟಿಕೊಂಡು ಒಂದು ಬಳ್ಳಿ. ಉಗುರಿನಷ್ಟು ಎಲೆ, ಮೂರು ಹೃದಯಗಳನ್ನು ತುದಿಗೆ ತುದಿ ಜೋಡಿಸಿದಂತೆ. ಬೆರಳ ತುದಿಯಷ್ಟು ಹಳದಿ ಹೂ. "ಇದು" ಅಂದಳು. ಎರಡು ವರ್ಷ ಅದರ ಮೇಲೆ ಬೈಕಿನ ಸ್ಟ್ಯಾಂಡ್ ಹಾಕಿದ್ದೆ, ನನಗೆ ಕಂಡಿರಲೇ ಇಲ್ಲ.

ಅಲ್ಲೇ ಕೂತಿದ್ದ ಮಾಲೀಕರ ತಾಯಿ, ನಾವೆಲ್ಲ ಪಾಟಿ ಅನ್ನುವವರು, ಇಣುಕಿ ನೋಡಿ "ಪುಳಿಯಾರೈ" ಅಂದರು. ತಮಿಳಿನಲ್ಲಿ ಆರೈ ಎಂದರೆ ಕೆರೆ ಅಂಚಿನಲ್ಲಿ ಬೆಳೆಯುವ ನಾಲ್ಕೆಲೆಯ ಒಂದು ನೀರು ಜರಿಗಿಡ. ಅದರ ಹಾಗೇ ಕಾಣುವ, ಆದರೆ ಹುಳಿಯಾದ ಎಲೆ ಅಂದರೆ ಪುಳಿಯಾರೈ. ಪಾಟಿಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ತಮಿಳು ಬರುವುದಿಲ್ಲ. ಆದರೆ ಪುಳಿ ಎಂಬ ಒಂದು ಮಾತು ಇಬ್ಬರಿಗೂ ಸಾಕಾಯಿತು. ಹಳಗನ್ನಡದಲ್ಲಿ ನಮ್ಮದೂ ಪುಳಿಯೇ ತಾನೆ, ಆಮೇಲೆ ಪಕಾರ ಹಕಾರವಾಗಿ ಹುಳಿಯಾಯಿತು. ಪುಲ್ಲಂಪುರಚಿ ಎಂಬ ಹೆಸರಿನಲ್ಲಿ ಆ ಹಳೆಯ ಪಕಾರವೇ ಉಳಿದು ಕೂತಿದೆಯೇನೋ ಅಂತ ನನಗೆ ಅನುಮಾನ. ಪಾಟಿ ಕೈಸನ್ನೆ ಮಾಡಿ ಹೇಳಿದ್ದು, ಅದನ್ನು ತೊಗಯಲ್, ಅಂದರೆ ಚಟ್ನಿ ಮಾಡುತ್ತಿದ್ದರಂತೆ, ಮಕ್ಕಳಿಗೆ ಬೇಧಿಯಾದರೆ ಕೊಡುತ್ತಿದ್ದರಂತೆ. ಅಮ್ಮ ತಲೆಯಾಡಿಸಿ ನನ್ನ ಕಡೆ ಗೆದ್ದವಳ ಹಾಗೆ ನೋಡಿದಳು.

ಅವತ್ತಿನಿಂದ ನನಗೆ ಇದೊಂದು ಹುಚ್ಚಾಯಿತು. ರಾತ್ರಿ ಆಫೀಸಿನ ಕೆಲಸ ಮುಗಿಸಿ ಗಿಡಗಳ ಬಗ್ಗೆ ಓದುವುದು, ಬೆಳಿಗ್ಗೆ ತಾರಸಿಗೆ ಹೋಗಿ ಮಣ್ಣು ಕೆದಕುವುದು.

ಎರಡೂ ಒಂದೇ ಕುಲದವು, ಆಕ್ಸಾಲಿಸ್. ಅಣ್ಣತಮ್ಮಂದಿರಲ್ಲ, ದಾಯಾದಿಗಳು ಅನ್ನಬಹುದು. ಹಳದಿ ಹೂವಿನದು ಆಕ್ಸಾಲಿಸ್ ಕಾರ್ನಿಕ್ಯುಲೇಟ; 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಕಾರ್ನಿಕ್ಯುಲೇಟ ಎಂದರೆ ಸಣ್ಣ ಕೊಂಬುಳ್ಳದ್ದು. ಹೂ ಉದುರಿದ ಮೇಲೆ ಅದರ ಕಾಯಿ ನೋಡಿದರೆ ಗೊತ್ತಾಗುತ್ತದೆ: ಒಂದು ಇಂಚೂ ಇಲ್ಲದ, ಐದು ಏಣಿನ, ನೆಟ್ಟಗೆ ನಿಂತ ಬೊಂಬೆ ಬೆಂಡೆಕಾಯಿ. ಇದರ ಮೂಲ ಯಾವ ಖಂಡ ಎಂದು ವಿಜ್ಞಾನಿಗಳು ಇನ್ನೂ ಜಗಳವಾಡುತ್ತಾರೆ, ಏಕೆಂದರೆ ಅದು ಇಲ್ಲದ ಜಾಗವೇ ಕಡಿಮೆ. ನಮ್ಮಲ್ಲಂತೂ ಹಳೆಯ ನೆಂಟ. ಆಯುರ್ವೇದದಲ್ಲಿ ಇದು ಚಾಂಗೇರಿ. ಚಾಂಗೇರಿ ಘೃತ ಎಂದು ಇದರ ಹೆಸರಿನಲ್ಲೇ ಒಂದು ತುಪ್ಪದ ಔಷಧಿ ಇದೆ, ಅದೂ ಹೊಟ್ಟೆಯ ತೊಂದರೆಗೇ.

ಬಕೆಟ್ಟಿನದು ಆಕ್ಸಾಲಿಸ್ ಲ್ಯಾಟಿಫೋಲಿಯ, ಅಗಲ ಎಲೆಯದು. ಮೂಲ ಮೆಕ್ಸಿಕೋ ಮತ್ತು ಅದರ ಕೆಳಗಿನ ಅಮೆರಿಕದ ನಾಡುಗಳು. ಹಂಬೋಲ್ಟ್ ಮತ್ತು ಬೊನ್‌ಪ್ಲಾಂಡ್ ಆ ಕಡೆಯೆಲ್ಲ ತಿರುಗಿ ತಂದ ಗಿಡಗಳನ್ನು ವಿವರಿಸುವಾಗ ಕುಂತ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ 19ನೇ ಶತಮಾನದ ಮೊದಲ ಭಾಗದಲ್ಲಿ ಇದಕ್ಕೆ ಹೆಸರಿಟ್ಟ. ಹೂ ಚೆಂದವೆಂದು ಜಗತ್ತಿನ ತೋಟಗಳಿಗೆಲ್ಲ ಹೋಯಿತು, ತೋಟದ ಬೇಲಿ ದಾಟಿ ಹೊಲಕ್ಕೂ ಹೋಯಿತು. ಬೆಂಗಳೂರು ಸುತ್ತಮುತ್ತಲಿನ ತರಕಾರಿ ಬೆಳೆಗಾರರನ್ನೋ, ನೀಲಗಿರಿಯ ಆಲೂಗೆಡ್ಡೆ ರೈತರನ್ನೋ ಕೇಳಿ, ಶಾಪ ಹಾಕುತ್ತಾರೆ.

ಅಂದರೆ ಲೆಕ್ಕ ಹೀಗಾಯಿತು. 'ನಮ್ಮೂರಿನದು' ಎಂದು ನಾನು ತೊಡೆಯ ಮೇಲಿಟ್ಟುಕೊಂಡು ತಂದದ್ದು ಮೆಕ್ಸಿಕೋದ್ದು. 'ಚೆನ್ನೈನ ಕಸ' ಎಂದು ನಾನು ಬೈಕು ಹತ್ತಿಸಿದ್ದು ಅಮ್ಮನ ತವರಿನದು.

ಹಾಗಂತ ನನ್ನ ನೆನಪು ಸುಳ್ಳಲ್ಲ. ನನ್ನ ಶಾಲೆಯ ಹಿತ್ತಲಲ್ಲಿ ಇದ್ದದ್ದು ಗುಲಾಬಿಯದೇ. ಅಮ್ಮನ ಬಾಲ್ಯದಲ್ಲಿ ಅದು ಇರಲಿಲ್ಲವಂತೆ, ಅಥವಾ ಅವಳ ಕಣ್ಣಿಗೆ ಬಿದ್ದಿರಲಿಲ್ಲ. "ನೀವು ಮಕ್ಕಳು ಅದನ್ನ ತಿಂತಿದ್ರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದಳು. ಒಂದೇ ಮನೆ, ಒಂದೇ ಹಿತ್ತಲು, ಎರಡು ತಲೆಮಾರಿನ ಬಾಯಿಯಲ್ಲಿ ಎರಡು ಹುಳಿ. ಇದು ನನಗೆ ಸ್ವಲ್ಪ ಬೇಜಾರೇ ಮಾಡಿತು, ಸುಳ್ಳು ಯಾಕೆ ಹೇಳಲಿ.

ಎರಡನ್ನೂ ಪಕ್ಕಪಕ್ಕ ಕುಂಡದಲ್ಲಿಟ್ಟು ನೋಡಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ಹಳದಿಯದಕ್ಕೆ ನೆಲದ ಮೇಲೆ ಹರಿಯುವ ಕಾಂಡ ಇದೆ, ಗೆಣ್ಣು ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. ಗುಲಾಬಿಯದಕ್ಕೆ ನೆಲದ ಮೇಲೆ ಕಾಂಡವೇ ಇಲ್ಲ. ಪ್ರತಿ ಎಲೆಯ ತೊಟ್ಟೂ, ಹೂವಿನ ದಂಟೂ ನೇರ ಮಣ್ಣೊಳಗಿನ ಗೆಡ್ಡೆಯಿಂದ ಏಳುತ್ತದೆ. ಅದರ ಎಲೆ ದೊಡ್ಡದು, ಹೃದಯಕ್ಕಿಂತ ಮೀನಿನ ಬಾಲದ ಹಾಗೆ. ಗುಲಾಬಿ ಹೂವಿನವೇ ಬೇರೆ ಜಾತಿಗಳೂ ಇವೆ. ಆಕ್ಸಾಲಿಸ್ ಡೆಬಿಲಿಸ್ ಎಂಬುದರ ಎಲೆ ದುಂಡಗೆ, ಮರಿಗೆಡ್ಡೆಗಳು ತಾಯಿಗೆಡ್ಡೆಗೇ ಅಂಟಿಕೊಂಡು ಗುಂಪಾಗಿರುತ್ತವೆ. ನನ್ನ ಬಕೆಟ್ಟಿನದರಲ್ಲಿ ಮರಿಗೆಡ್ಡೆಗಳು ದಾರದಂಥ ಬಿಳಿ ಎಳೆಗಳ ತುದಿಯಲ್ಲಿ ದೂರ ಹೋಗಿ ಕೂತಿದ್ದವು, ಅದನ್ನು ನೋಡಿಯೇ ಲ್ಯಾಟಿಫೋಲಿಯ ಎಂದು ತೀರ್ಮಾನಿಸಿದ್ದು. ಸಂಜೆಯಾದರೆ ಎರಡೂ ಎಲೆಗಳನ್ನು ಕೊಡೆಯಂತೆ ಮಡಚಿಕೊಂಡು ಮಲಗುತ್ತವೆ. ಅಷ್ಟರಮಟ್ಟಿಗೆ ಒಂದೇ ಮನೆತನ.

ಸಂತಾನದ ವಿಷಯದಲ್ಲಿ ಮಾತ್ರ ಎರಡರ ದಾರಿ ಪೂರ್ತಿ ಬೇರೆ. ಹಳದಿಯದರ ಬಲಿತ ಕಾಯಿಯನ್ನು ಮುಟ್ಟಿದರೆ ಕರ್ಣಕುಂಡಲದ ಕಾಯಿಯ ಹಾಗೆ ಬೀಜ ಸಿಡಿಯುತ್ತದೆ. ಆದರೆ ಕರ್ಣಕುಂಡಲದಲ್ಲಿ ಸಿಡಿಯುವುದು ಕಾಯಿಯ ಗೋಡೆ. ಇಲ್ಲಿ ಕಾಯಿ ಇದ್ದಲ್ಲೇ ಇರುತ್ತದೆ. ಪ್ರತಿ ಬೀಜಕ್ಕೂ ರಬ್ಬರಿನಂಥ ಒಂದು ಬಿಳಿ ಹೊದಿಕೆ ಇದ್ದು, ಅದು ಥಟ್ಟನೆ ಒಳಹೊರಗಾಗಿ ಮಗುಚಿಕೊಂಡು ಬೀಜವನ್ನು ಒದೆಯುತ್ತದೆ. ಒಂದು ಮೀಟರ್ ದೂರ ಹಾರುವುದು ಅದಕ್ಕೆ ದೊಡ್ಡ ವಿಷಯವಲ್ಲ. ಸಂಪಿನ ಸಂದಿಯಿಂದ ಮೆಟ್ಟಿಲ ಸಂದಿಗೆ, ಅಲ್ಲಿಂದ ಪಾಟಿಯ ತುಳಸಿ ಕಟ್ಟೆಗೆ ಅದು ಹೋದದ್ದು ಹೀಗೇ. ಗುಲಾಬಿಯದು ಹೂ ಬಿಟ್ಟರೂ ನಮ್ಮ ಕಡೆ ಬೀಜ ಕಟ್ಟುವುದು ಅಪರೂಪ. ಇಂಥ ಹಲವು ಆಕ್ಸಾಲಿಸ್ ಹೂಗಳಲ್ಲಿ ಶಲಾಕೆಯ ಉದ್ದ ಮೂರು ಬಗೆಯದು, ಬೇರೆ ಬಗೆಯ ಹೂವಿನ ಪರಾಗ ಸಿಕ್ಕರೇ ಬೀಜ. ತವರು ಬಿಟ್ಟು ಬಂದ ಗಿಡಗಳಿಗೆ ಜೋಡಿ ಸಿಗುವುದು ಕಷ್ಟ. ಹಾಗಾಗಿ ಅದು ಪೂರ್ತಿ ಗೆಡ್ಡೆಯನ್ನೇ ನಂಬಿಕೊಂಡಿದೆ.

ಆ ಗೆಡ್ಡೆಯ ರುಚಿ ನಾನು ನೋಡಿದೆ, ಬೇರೆ ಅರ್ಥದಲ್ಲಿ. ಎಷ್ಟೇ ಆಗಲಿ ಕಳೆ, ತೆಗೆದುಬಿಡೋಣ ಎಂದು ಒಂದು ಭಾನುವಾರ ಕುರ್ಪಿ ಹಿಡಿದು ಕೂತೆ. ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ. ಅಗೆದರೆ ಮೆಂತ್ಯ ಕಾಳಿನಷ್ಟು ಸಣ್ಣ ಮರಿಗೆಡ್ಡೆಗಳು ಉದುರಿ ಮಣ್ಣಲ್ಲಿ ಮಾಯ. ಆ ಮಣ್ಣನ್ನೇ ನಾನು ಬುದ್ಧಿವಂತನ ಹಾಗೆ ಬೇರೆ ನಾಲ್ಕು ಕುಂಡಗಳಿಗೆ ಹಂಚಿದ್ದೆ. ಉಳಿದದ್ದನ್ನು ಪಾಟಿ ತಮ್ಮ ಮಲ್ಲಿಗೆ ಗಿಡಕ್ಕೆ ಹಾಕಿಸಿಕೊಂಡಿದ್ದರು. ಮುಂದಿನ ಅಕ್ಟೋಬರ್ ಮಳೆಗೆ ಆರು ಕುಂಡದಲ್ಲಿ ಮೀನಿನ ಬಾಲ. ಮಲ್ಲಿಗೆಯ ಬುಡ ಕಾಣದಂತಾಗಿತ್ತು. ಪಾಟಿ ಏನೂ ಅನ್ನಲಿಲ್ಲ, ಆದರೆ ಆಮೇಲೆ ನಮ್ಮ ಮನೆಯಿಂದ ಮಣ್ಣು ಕೇಳಿದ್ದಿಲ್ಲ.

ಹಳೆಯ ಗ್ರಂಥಗಳಲ್ಲಿ ಹುಡುಕುವಾಗ ಒಂದು ವಿಷಯ ತಮಾಷೆ ಅನ್ನಿಸಿತು. ಈ ಸೀಮೆಯ ಗಿಡಗಳಿಗೆ ಇವತ್ತಿಗೂ ಆಧಾರವಾಗಿ ನೋಡುವುದು ಗ್ಯಾಂಬಲ್‌ನ 'ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಸಂಪತ್ತು' ಎಂಬ ಇಂಗ್ಲಿಷ್ ಗ್ರಂಥ. 1915ರಲ್ಲಿ ಶುರುವಾಗಿ, ಆತ 1925ರಲ್ಲಿ ತೀರಿಕೊಂಡ ಮೇಲೆ ಫಿಷರ್ ಎಂಬಾತ ಮುಂದುವರಿಸಿ 1936ಕ್ಕೆ ಮುಗಿಸಿದ ಕೆಲಸ. ಆ ಪ್ರೆಸಿಡೆನ್ಸಿಯಲ್ಲಿ ಆಗ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಎಲ್ಲ ಸೇರಿದ್ದವು. ಮಂಗಳೂರಿನ ಗಿಡವೂ ಮದರಾಸಿನ ಗಿಡವೂ ಒಂದೇ ಪುಸ್ತಕದಲ್ಲಿ. ತೀರ್ಥಹಳ್ಳಿ ಮಾತ್ರ ಮೈಸೂರು ಸಂಸ್ಥಾನದ್ದು. ಆಗುಂಬೆ ಘಾಟಿ ಇಳಿದರೆ ಮದರಾಸು ಸರ್ಕಾರ. ಅಮ್ಮನಿಗೆ ಇದನ್ನು ಹೇಳಿದರೆ "ಗಿಡಕ್ಕೆ ಘಾಟಿ ಗೊತ್ತಿತ್ತಾ?" ಅಂದಳು.

ಹಳದಿಯದು ಸಿಕ್ಕ ಮೇಲೆ ಮನೆಯಲ್ಲಿ ತಂಬುಳಿಯ ಕಾಲ ಶುರುವಾಯಿತು. ಮಳೆ ಬಿದ್ದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ಅದು ಚೆನ್ನಾಗಿ ಬರುತ್ತದೆ. ವಾರಕ್ಕೆ ಮೂರು ಸಲ ತಂಬುಳಿ, ಒಮ್ಮೆ ಚಟ್ನಿ, ಬೇಳೆ ಸಾರಿಗೆ ಹುಣಸೆಯ ಬದಲು ಅದೇ. ರುಚಿಯ ವ್ಯತ್ಯಾಸ ನನಗೂ ತಿಳಿಯಿತು. ಗುಲಾಬಿಯದರ ಹುಳಿ ತೆಳು, ನೀರುನೀರು. ಹಳದಿಯದು ಚುರುಕು, ಹಿಂದೆ ಸಣ್ಣ ಒಗರು. ಅಮ್ಮ ಮೊದಲ ಬಾರಿಗೆ ಚೆನ್ನೈನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದು ಆಗಲೇ. ಅಪ್ಪ ಹೋದ ಮೇಲೆ ಅವಳು ಹಾಗೆ ಊಟ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಜನವರಿಯಲ್ಲಿ ಒಂದು ರಾತ್ರಿ ಅವಳಿಗೆ ಬೆನ್ನಿನ ಕೆಳಗೆ ನೋವು ಎದ್ದಿತು. ಕೀಳ್ಪಾಕ್ಕಂ ಕಡೆ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನ್ ಮಾಡಿದರೆ ಎಡ ಮೂತ್ರಪಿಂಡದಲ್ಲಿ ಕಲ್ಲು. ಜೊತೆಗೆ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಕೆಲಸವೂ ಸ್ವಲ್ಪ ಕುಂದಿದೆ ಎಂದರು. ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ಅಮ್ಮ ಹೆಮ್ಮೆಯಿಂದ ಹೇಳಿದಳು. ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ನಗಲಿಲ್ಲ.

ಆಕ್ಸಾಲಿಸ್ ಎಂಬ ಹೆಸರು ಗ್ರೀಕಿನಲ್ಲಿ ಚೂಪು, ಹುಳಿ ಎಂಬ ಮಾತಿನಿಂದ ಬಂದದ್ದು. ಆ ಹುಳಿಗೆ ಕಾರಣವಾದ ಆಮ್ಲಕ್ಕೆ ಈ ಗಿಡದಿಂದಲೇ ಹೆಸರು: ಆಕ್ಸಾಲಿಕ್ ಆಮ್ಲ. ಕಿಡ್ನಿಯ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಹಳದಿಯಾಗಲಿ ಗುಲಾಬಿಯಾಗಲಿ, ಈ ವಿಷಯದಲ್ಲಿ ದಾಯಾದಿಗಳಿಬ್ಬರೂ ಒಂದೇ. ಅಪರೂಪಕ್ಕೆ ಒಂದು ಹಿಡಿ ತಿಂದ ಗಟ್ಟಿ ಮನುಷ್ಯನಿಗೆ ಏನೂ ಆಗುವುದಿಲ್ಲ. ವಾರಕ್ಕೆ ಐದು ದಿನ, 68 ವಯಸ್ಸು, ಚೆನ್ನೈನ ಬೆವರು, ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ನೀರು ಕಡಿಮೆ ಕುಡಿಯುವ ಅಭ್ಯಾಸ, ಇವೆಲ್ಲ ಕೂಡಿದರೆ ಬೇರೆ ಮಾತು. ಕಲ್ಲು ಈ ಸೊಪ್ಪಿನಿಂದಲೇ ಆಯಿತು ಎಂದು ಡಾಕ್ಟರು ಹೇಳಲಿಲ್ಲ, ಅದು ಬೆಳೆಯಲು ತಿಂಗಳುಗಟ್ಟಲೆ ಬೇಕು. ಆದರೆ ಇನ್ನು ಬೇಡ ಎಂದರು. ಪಾಲಕ್ ಕೂಡ ಬೇಡ. ಇದೇ ಮನೆತನದ ದಾರೆಹುಳಿಯನ್ನಂತೂ ಮುಟ್ಟಲೇಬೇಡಿ, ಕಿಡ್ನಿ ಸೋತವರಿಗೆ ಅದು ಮಿದುಳಿಗೇ ವಿಷವಾಗುತ್ತದೆ ಎಂದು ಬರೆದೇ ಕೊಟ್ಟರು. ನಮ್ಮ ಊರ ಮನೆಯ ಹಿಂದೆ ದಾರೆಹುಳಿ ಮರವೂ ಇದೆ, ಬಿಂಬುಳಿಯೂ ಇದೆ. ಅಮ್ಮ ಬದುಕಿಡೀ ಆಕ್ಸಾಲಿಸ್ ಮನೆತನದ ಉಪ್ಪು ತಿಂದವಳು.

ಮನೆಗೆ ಬಂದ ಮೇಲೆ ನಾನು ಮತ್ತೆ ಓದಿದೆ. ಊಟದ ಜೊತೆಯಲ್ಲೇ ಹಾಲು ಮೊಸರಿನ ಕ್ಯಾಲ್ಸಿಯಂ ಇದ್ದರೆ ಆಕ್ಸಲೇಟು ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ಹೊರಹೋಗುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ತಂಬುಳಿಗೆ ಮಜ್ಜಿಗೆ ಬೆರೆಸಿದ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಅವರಿಗೆ ರುಚಿ ಗೊತ್ತಿತ್ತು, ಹೊಂದಿತು. ಅಮ್ಮನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ಮಜ್ಜಿಗೆ ಜಾಸ್ತಿ ಹಾಕಿ ಮಾಡು" ಅಂದಳು. ಇಲ್ಲ ಅಂದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. "ಇಲ್ಲಿ ಸಿಕ್ಕಿದ್ದೇ ಒಂದು, ಅದನ್ನೂ ಕಿತ್ಕೊಂಡ್ರಿ" ಎಂದು ಹೆಂಡತಿಯ ಹತ್ತಿರ ಹೇಳಿದಳಂತೆ.

ಗಿಡ ಕೀಳಲು ಮಾತ್ರ ಬಿಡಲಿಲ್ಲ. ಈಗ ಅದಕ್ಕೆ ಬೇರೆ ಕೆಲಸ ಸಿಕ್ಕಿದೆ. ಶುಕ್ರವಾರ ಅಮ್ಮ ಒಂದು ಹಿಡಿ ಕಿತ್ತು, ಜಜ್ಜಿ, ಹಿತ್ತಾಳೆ ದೀಪದ ಕಂಬಗಳನ್ನು ತಿಕ್ಕುತ್ತಾಳೆ. ಆಕ್ಸಾಲಿಕ್ ಆಮ್ಲ ಲೋಹದ ಮೇಲಿನ ಕಪ್ಪನ್ನು ಕರಗಿಸುತ್ತದೆ; ಕಂಬ ಹೊಸದರ ಹಾಗೆ ಹೊಳೆಯುತ್ತದೆ. ಪಾಟಿಯೂ ತಮ್ಮ ಕಾಮಾಕ್ಷಿ ದೀಪ ತಂದು ಕೂರುತ್ತಾರೆ. ಇಬ್ಬರೂ ಅವರವರ ಭಾಷೆಯಲ್ಲಿ ಮಾತಾಡುತ್ತ ತಿಕ್ಕುತ್ತಾರೆ. ಗುಲಾಬಿಯದರಲ್ಲೂ ಹೊಳಪು ಬರುತ್ತದೆ ಎಂದು ನಾನು ಮಾಡಿ ತೋರಿಸಿದೆ. ಅಮ್ಮ ಒಪ್ಪಲಿಲ್ಲ, ಅದು ಬೇರೆ ಥರದ ಹೊಳಪಂತೆ.

ಫೆಬ್ರವರಿಯ ಬೆಳಿಗ್ಗೆಗಳಲ್ಲಿ ಹಳದಿಯದರ ಮೇಲೆ ಉಗುರಿನಷ್ಟು ಸಣ್ಣ ಬೂದು ನೀಲಿ ಚಿಟ್ಟೆ ಬರುತ್ತದೆ. ಪೇಲ್ ಗ್ರಾಸ್ ಬ್ಲೂ ಎಂಬ ಈ ಚಿಟ್ಟೆಯ ಮರಿಹುಳುವಿಗೆ ಈ ಹುಳಿ ಎಲೆಯೇ ಊಟ. ಫುಕುಶಿಮಾ ಅಣುಸ್ಥಾವರದ ದುರಂತವಾದ ಮೇಲೆ ಜಪಾನಿನ ವಿಜ್ಞಾನಿಗಳು ವಿಕಿರಣದ ಪರಿಣಾಮ ತಿಳಿಯಲು ಆರಿಸಿಕೊಂಡದ್ದು ಇದೇ ಚಿಟ್ಟೆಯನ್ನು, ಅದಕ್ಕೆ ತಿನ್ನಲು ಕೊಟ್ಟದ್ದು ಇದೇ ಹಳದಿ ಹೂವಿನ ಸೊಪ್ಪನ್ನು. ನಮ್ಮ ತಾರಸಿಯಲ್ಲಿ ಅದು ಗುಲಾಬಿಯ ಕುಂಡಗಳ ಮೇಲೆ ಹಾದು ಹೋಗುತ್ತದೆ, ಮೊಟ್ಟೆಯಿಡಲು ಕೂತದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಅಮ್ಮನಿಗೆ ಅದು ದೊಡ್ಡ ಸಾಕ್ಷಿ.

ಮೇ ತಿಂಗಳಲ್ಲಿ ಎರಡೂ ಮಾಯವಾದವು. ಹಳದಿಯದು ಕೆಂಪಗೆ ಕಂದಿ ಸಂದಿಯಲ್ಲಿ ಹುಡಿಯಾಯಿತು, ಗುಲಾಬಿಯದರ ಎಲೆ ಒಣಗಿ ಕುಂಡ ಬರೀ ಮಣ್ಣಾಯಿತು. ಕೆಳಗೆ ಎಷ್ಟು ಗೆಡ್ಡೆ ಕಾಯುತ್ತ ಕೂತಿವೆಯೋ ನನಗೆ ಗೊತ್ತು. ಮೊನ್ನೆ ಅಕ್ಟೋಬರಿನ ಮೊದಲ ಜೋರು ಮಳೆ ಬಿದ್ದ ನಾಲ್ಕನೇ ದಿನ ಸಂಪಿನ ಪಕ್ಕ ಮೂರು ಹಸಿರು ಚುಕ್ಕಿ ಕಂಡವು. ಅಮ್ಮ ಕಬ್ಬಿಣದ ಊರುಗೋಲು ಊರಿಕೊಂಡು ಹೋಗಿ, ಬೈಕನ್ನು ಬೇರೆ ಕಡೆ ನಿಲ್ಲಿಸಬೇಕೆಂದು ಆಜ್ಞೆ ಮಾಡಿದಳು. ತಾರಸಿಯ ಕುಂಡಗಳಲ್ಲಿ ಮೀನಿನ ಬಾಲಗಳೂ ಎದ್ದಿವೆ, ಈ ಸಲ ಏಳು ಕುಂಡ.

ನಿನ್ನೆ ಊರಿಂದ ಅಣ್ಣನ ಮಗ ಫೋನು ಮಾಡಿದ್ದ. ಮುಂದಿನ ವಾರ ಚೆನ್ನೈಗೆ ಇಂಟರ್‌ವ್ಯೂಗೆ ಬರುತ್ತಾನೆ, ಅಜ್ಜಿಗೆ ಏನು ತರಲಿ ಎಂದು ಕೇಳಿದ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

"ಒಂದು ಕರಿಬೇವಿನ ಸಸಿ ತಾ ಮಗಾ" ಅಂದಳು. "ಬೇರು ತೊಳ್ಕೊಂಡು ತಾ. ಮಣ್ಣು ಬೇಡ."